ಪರದೇಶದ ಮೊಮ್ಮಗುವಿಗೊಂದು ಕಾರ್ ಸೀಟು

ಮಂಗಳೂರಿನ ಪಂಪ್‌ವೆಲ್ ದಾರಿಗಳು ಕೂಡುವ ಜಾಗ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಸಾಗುತ್ತದೆ; ಬೆಂಗಳೂರಿನ ಕಡೆಯಿಂದ ಬಂದವರೂ ಕಂಕನಾಡಿಯ ಮಾರ್ಗವಾಗಿ ಪೇಟೆಯನ್ನು ಹೊಗುವುದು ಇಲ್ಲಿಂದಲೇ. ಊರವರು ವರ್ಷಗಟ್ಟಲೆ ಕಾದು ಕಾದು, 2020ರ ಜನವರಿಯಲ್ಲಿ ಕಂಡ ಮೇಲ್ಸೇತುವೆಯ ಕೆಳಗೆ ನಿಂತು ನೋಡಿದರೆ, ಮಾಡಿಗೆ ಪೆಟ್ಟಿಗೆಗಳನ್ನು ಬಿಗಿದುಕೊಂಡ ಟ್ಯಾಕ್ಸಿಗಳು ನಂತೂರು, ಯೆಯ್ಯಾಡಿಗಳ ದಾರಿ ಹಿಡಿದು ಬಜಪೆಯ ವಿಮಾನ ನಿಲ್ದಾಣದ ಕಡೆಗೆ ಹೋಗುತ್ತಿರುತ್ತವೆ. ಬಜಪೆಯಿಂದಲೇ ದುಬಾಯಿಗೆ ನೇರ ವಿಮಾನ ಹೊರಡತೊಡಗಿದ್ದು 2006ರಲ್ಲಿ. ಅಂದಿನಿಂದ ನಮ್ಮವರಿಗೆ ಕೊಲ್ಲಿ ದೇಶವೆಂದರೆ ನೆರೆಯ ತಾಲೂಕು ಇದ್ದ ಹಾಗೆ. ಆ ಟ್ಯಾಕ್ಸಿಗಳಲ್ಲಿ ಕುಳಿತವರಲ್ಲಿ ಕೆಲಸಕ್ಕೆ ಹೋಗುವ ಹುಡುಗರು ಮಾತ್ರ ಇರುವುದಿಲ್ಲ. ಮಗಳ ಬಾಣಂತನಕ್ಕೆಂದು, ಸೊಸೆಯ ಹೆರಿಗೆಗೆಂದು ಹೋಗುವ ತಾಯಂದಿರೂ ಇರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಬಾಣಂತಿಯ ಲೇಹ್ಯ ಉಂಟು, ಕೊಬ್ಬರಿ ಎಣ್ಣೆ ಉಂಟು, ಹಳೆಯ ಸೀರೆಯ ಮೆತ್ತನೆಯ ತುಂಡುಗಳು ಉಂಟು. ಸಾವಿರಾರು ವರ್ಷಗಳ ಅನುಭವ ಕಲಿಸಿದ ವಸ್ತುಗಳು ಅವೆಲ್ಲ. ಆದರೆ ಅಲ್ಲಿಗೆ ಹೋಗಿ ಇಳಿದೊಡನೆ, ನಮ್ಮ ಅಜ್ಜಿಯರ ಅನುಭವದಲ್ಲಿ ಎಲ್ಲಿಯೂ ಇಲ್ಲದ ಒಂದು ವಸ್ತು ಅವರನ್ನು ಎದುರುಗೊಳ್ಳುತ್ತದೆ. ಅದೇ ಮಗುವಿನ ಕಾರ್ ಸೀಟು. ಈ ಹೊತ್ತಿನ ಮಾತು ಅದನ್ನು ಕುರಿತದ್ದು.

ಕನ್ನಡದ ಮೇಷ್ಟ್ರಿಗೂ ಕಾರಿನ ಸೀಟಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಒಂದು ಶಬ್ದದ ಮೂಲಕ ಬರುತ್ತದೆ. ಆ ಶಬ್ದ ‘ಮಡಿಲು’. ನಮ್ಮ ಭಾಷೆಯಲ್ಲಿ ಮಗುವಿನ ಸುರಕ್ಷಿತವಾದ ಜಾಗಕ್ಕೆ ಇದೇ ಹೆಸರು. ಹೆಣ್ಣುಮಗಳಿಗೆ ಶುಭವನ್ನು ಹಾರೈಸುವಾಗ ಮಡಿಲು ತುಂಬುತ್ತೇವೆ. ತಾಯಿಯನ್ನು ಸೇರಿದ ಮಗುವನ್ನು ಕಂಡು, ಮಡಿಲು ಸೇರಿತು, ಇನ್ನು ಭಯವಿಲ್ಲ ಎನ್ನುತ್ತೇವೆ. ತುಳುವಿನಲ್ಲಿ ಮಟ್ಟೆಲ್ ಎಂದರೂ ಅದೇ ಭಾವ. ಹೀಗಿರುವಾಗ ಎಲ್ಲಿಯೋ ಒಂದು ದೇಶದ ಕಾಯಿದೆಯು, ‘ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದು’ ಎಂದರೆ, ಅದು ನಮ್ಮ ಕಿವಿಗೆ ಬರಿಯ ಸಂಚಾರ ನಿಯಮದಂತೆ ಕೇಳಿಸುವುದಿಲ್ಲ. ತಾಯ್ತನದ ಮೇಲೆ ಹೊರಿಸಿದ ಅಪವಾದದಂತೆ ಕೇಳಿಸುತ್ತದೆ. ಜಗಳ ಹುಟ್ಟುವುದು ಅಲ್ಲಿಂದಲೇ. “ಅಯ್ಯೋ ಮಾರಾಯ್ತಿ, ನಾನು ಮೂರು ಮಕ್ಕಳನ್ನು ಮಡಿಲಲ್ಲೇ ಸಾಕಿದವಳು. ನನ್ನ ಕೈಯಿಂದ ಮಗು ಜಾರೀತೇ?” ಎನ್ನುತ್ತಾರೆ ಅತ್ತೆ. “ಜಾರುತ್ತದೆಂದು ನಾನು ಹೇಳಲಿಲ್ಲ ಅತ್ತೆ, ಇಲ್ಲಿಯ ನಿಯಮ ಹಾಗೆ” ಎನ್ನುತ್ತಾಳೆ ಸೊಸೆ. ನಿಯಮವೆಂಬ ಮಾತು ಅತ್ತೆಯ ಪ್ರಶ್ನೆಗೆ ಉತ್ತರವಲ್ಲ. ಏಕೆಂದರೆ ಅವರು ಕೇಳಿದ್ದು ಪೊಲೀಸರನ್ನು ಕುರಿತ ಪ್ರಶ್ನೆಯಲ್ಲ, ತಮ್ಮ ಕೈಯನ್ನು ಕುರಿತ ಪ್ರಶ್ನೆ. ಆದ್ದರಿಂದ ಮೊದಲು ಅದಕ್ಕೆ ಉತ್ತರವನ್ನು ಹುಡುಕೋಣ.

ಉತ್ತರಕ್ಕೆ ದೊಡ್ಡ ಪಾಂಡಿತ್ಯ ಬೇಡ, ಪ್ರೌಢಶಾಲೆಯ ಲೆಕ್ಕ ಸಾಕು. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನಿ. ಇದೇನೂ ಅತಿಯಾದ ವೇಗವಲ್ಲ. ಪೇಟೆಯ ಬಸ್ಸುಗಳೂ ದಾರಿ ತೆರವಾಗಿದ್ದರೆ ಓಡುವ ವೇಗ. ಈ ವೇಗವು ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲಕ್ಕೆ ತಾಗುವಾಗ ಇರುವ ವೇಗಕ್ಕೆ ಸಮಾನ. ಅಂದರೆ, ಕಾಯಿ ಬಿಟ್ಟ ತೆಂಗಿನ ಮರದ ತಲೆಯಿಂದ ಬಿದ್ದ ಹಾಗೆ. ಕಾರು ಮುಂದಿನ ಲಾರಿಗೆ ಬಡಿದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟಿತು ಎನ್ನಿ. ಆ ಕ್ಷಣದಲ್ಲಿ 5 ಕಿಲೋ ತೂಕದ ಕೂಸನ್ನು ಹಿಡಿದು ನಿಲ್ಲಿಸಬೇಕಾದರೆ 70 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಹೆಚ್ಚುಕಡಮೆ ಒಂದೂವರೆ ಮೂಟೆ ಅಕ್ಕಿ! ಅದೂ ಮುನ್ಸೂಚನೆ ಇಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಯಾವ ತಾಯಿಯ, ಯಾವ ಪೈಲ್ವಾನನ ತೋಳಿಗೂ ಇದು ಸಾಧ್ಯವಿಲ್ಲ. ಇನ್ನು ಎತ್ತಿಕೊಂಡವರೇ ಬೆಲ್ಟ್ ಹಾಕಿಕೊಂಡಿರದಿದ್ದರೆ, ಅವರ ಮೈಯ ಭಾರವೆಲ್ಲ ಹಿಂದಿನಿಂದ ಕೂಸಿನ ಮೇಲೆಯೇ ಬೀಳುತ್ತದೆ. ಕಾಪಾಡಬೇಕೆಂದು ಅಪ್ಪಿದ ಮೈಯೇ ಆಗ ಅಪಾಯವಾಗುತ್ತದೆ. ಅತ್ತೆಯ ಕೈ ಸೋತದ್ದು ಪ್ರೀತಿಯ ಕೊರತೆಯಿಂದಲ್ಲ, ವೇಗದ ಹೆಚ್ಚಳದಿಂದ. ಮಡಿಲು ಹುಟ್ಟಿದ ಕಾಲದಲ್ಲಿ ಮನುಷ್ಯ ಎತ್ತಿನ ಗಾಡಿಗಿಂತ ಬೇಗ ಹೋದವನಲ್ಲ.

ಈ ವಿಷಯದಲ್ಲಿ ಎಡವಿದವರು ನಮ್ಮ ಅಜ್ಜಿಯರು ಮಾತ್ರವೇ ಎಂದು ತಿಳಿಯಬೇಡಿ. ಅಮೆರಿಕದ ಟೆನೆಸ್ಸಿ ಎಂಬ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರಿದ್ದರು. ಕಾರಿನಲ್ಲಿ ಮಕ್ಕಳನ್ನು ತಕ್ಕ ಸೀಟಿನಲ್ಲಿಯೇ ಕೂರಿಸಬೇಕೆಂಬ ಕಾಯಿದೆಗಾಗಿ ಅವರು ಶಾಸಕರ ಬಾಗಿಲು ಬಾಗಿಲಿಗೆ ಅಲೆದರು. 1977ರಲ್ಲಿ ಕಾಯಿದೆಯಾಯಿತು, 1978ರ ಜನವರಿಯಿಂದ ಜಾರಿಗೆ ಬಂತು. ಆ ದೇಶದಲ್ಲಿ ಇಂಥ ಕಾಯಿದೆ ಮಾಡಿದ ಮೊದಲನೆಯ ರಾಜ್ಯ ಅದು. ಆದರೆ ಶಾಸಕರು ಅದರಲ್ಲಿ ಒಂದು ಕಂಡಿಯನ್ನು ಬಿಟ್ಟರು: ದೊಡ್ಡವರು ಮಗುವನ್ನು ತೋಳಿನಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಡ! ತಾಯಿಯ ತೋಳಿಗಿಂತ ಕ್ಷೇಮವಾದದ್ದು ಯಾವುದು ಎಂದು ಅವರೂ ನಂಬಿದ್ದರು. ಸ್ಯಾಂಡರ್ಸರು ಅಲ್ಲಿಗೆ ಸುಮ್ಮನಾಗಲಿಲ್ಲ. ತೋಳಿನಲ್ಲಿದ್ದ ಮಕ್ಕಳಿಗೆ ಏನಾಗುತ್ತಿದೆ ಎಂಬುದನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. 1981ರಲ್ಲಿ ಆ ಕಂಡಿ ಮುಚ್ಚಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಇಂಥ ಕಾಯಿದೆಗಳು ಬಂದಿದ್ದವು. ನಮ್ಮ ಮನೆಯ ಜಗಲಿಯಲ್ಲಿ ಇಂದು ನಡೆಯುವ ವಾದ ಅಲ್ಲಿಯ ಶಾಸನಸಭೆಯಲ್ಲಿ ಆಗಲೇ ನಡೆದುಹೋಗಿದೆ ಎಂದರ್ಥ.

ಸೀಟಿನ ಕಥೆಯಲ್ಲಿ ಸ್ವೀಡನ್ ದೇಶದ ಹೆಸರನ್ನೂ ಹೇಳಲೇಬೇಕು. ಇಂದು ನಾವು ಕಾರಿನಲ್ಲಿ ಹೆಗಲಿನಿಂದ ಸೊಂಟಕ್ಕೆ ಎಳೆದುಕೊಳ್ಳುವ ಬೆಲ್ಟನ್ನು ವೋಲ್ವೊ ಕಂಪೆನಿಯಲ್ಲಿ ನಿಲ್ಸ್ ಬೋಲಿನ್ ಎಂಬ ಎಂಜಿನಿಯರು ರೂಪಿಸಿದ್ದು 1959ರಲ್ಲಿ. ಅದು ದೊಡ್ಡವರಿಗೆ ಸರಿ. ಕೂಸಿಗೆ ಏನು ಗತಿ? ಅದೇ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವಿದ್ವಾಂಸರು, ಬಾಹ್ಯಾಕಾಶಕ್ಕೆ ಹೋಗುವವರು ತಮ್ಮ ನೌಕೆಯಲ್ಲಿ ಬೆನ್ನು ಆನಿಸಿಕೊಂಡು ಮಲಗಿರುವುದನ್ನು ಕಂಡು, ಆ ಉಪಾಯವನ್ನು ಮಗುವಿಗೆ ಅನ್ವಯಿಸಿದರು. 1964ರ ಸುಮಾರಿಗೆ ಅವರು ಮಾಡಿ ನೋಡಿದ ಸೀಟಿನಲ್ಲಿ ಮಗುವಿನ ಮುಖ ಕಾರಿನ ಹಿಂಬದಿಗೆ, ಬೆನ್ನು ಮುಂಬದಿಗೆ. ಬಡಿತ ಮುಂದಿನಿಂದ ಬಂದಾಗ ಮಗುವಿನ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ. ಕತ್ತೊಂದೇ ಮುಂದಕ್ಕೆ ಎಳೆದುಹೋಗುವುದಿಲ್ಲ. ಹಸುಗೂಸಿನ ದೇಹದ ಉದ್ದದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ತಲೆಯೇ. ಕತ್ತಿನ ಎಲುಬು ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ಎಳೆಯ ಕೂಸನ್ನು ಎತ್ತಿಕೊಳ್ಳುವಾಗ ಕತ್ತಿನ ಕೆಳಗೆ ಕೈಕೊಡಬೇಕೆಂದು ನಮ್ಮ ಅಜ್ಜಿಯರು ಹೇಳಿಕೊಡುತ್ತಾರಲ್ಲ, ಆ ಕೈಯ ಕೆಲಸವನ್ನೇ ಹಿಮ್ಮುಖದ ಸೀಟು ಮಾಡುತ್ತದೆ. ಈ ಒಂದು ಮಾತನ್ನು ಹೇಳಿದರೆ ಎಂಥ ಅಜ್ಜಿಗೂ ಸೀಟಿನ ಮರ್ಮ ತಿಳಿಯುತ್ತದೆಂದು ನನ್ನ ನಂಬಿಕೆ. ಇಂಥ ಸೀಟುಗಳಿಂದ ಕಾರಿನಲ್ಲಿರುವ ಹಸುಗೂಸುಗಳ ಸಾವಿನ ಅಪಾಯ ನೂರಕ್ಕೆ 71ರಷ್ಟೂ, ಒಂದು ವರ್ಷ ದಾಟಿದ ಪುಟ್ಟ ಮಕ್ಕಳಲ್ಲಿ ನೂರಕ್ಕೆ 54ರಷ್ಟೂ ಕಡಮೆಯಾಗುತ್ತದೆಂದು ಅಮೆರಿಕದ ಸರ್ಕಾರದ ರಸ್ತೆ ಸುರಕ್ಷತೆಯ ಇಲಾಖೆ ಲೆಕ್ಕ ಹಾಕಿದೆ.

ಇನ್ನು ಆಯ್ಕೆಯ ಮಾತಿಗೆ ಬರೋಣ. ಸೀಟು ಕೊಳ್ಳುವುದರಲ್ಲಿ ಮೊದಲ ತೊಡಕು ಅಂಗಡಿಯಲ್ಲಿಲ್ಲ, ನಮ್ಮ ಗಾದೆಯಲ್ಲಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂಬುದು ನಮ್ಮ ಹಿರಿಯರ ಮಾತು. ಹುಟ್ಟುವ ಮೊದಲೇ ತೊಟ್ಟಿಲು ತಂದರೆ ದೃಷ್ಟಿಯಾಗುತ್ತದೆಂಬ ಅಂಜಿಕೆ ಹಲವು ಮನೆಗಳಲ್ಲಿ ಇಂದಿಗೂ ಉಂಟು. ಆದರೆ ಆಸ್ಪತ್ರೆಯಿಂದ ಮನೆಗೆ ಬರುವುದೇ ಮಗುವಿನ ಮೊದಲ ಕಾರು ಪ್ರಯಾಣ. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಸೀಟು ಇದೆಯೇ ಎಂದು ದಾದಿಯರು ಕೇಳಿಯೇ ಮಗುವನ್ನು ಕಳಿಸುತ್ತಾರೆ. ಹೆರಿಗೆಯಾದ ಮಾರನೆಯ ದಿನ, ನಿದ್ದೆಗೆಟ್ಟ ತಂದೆ ಅಂಗಡಿಗೆ ಓಡಿ, ಕಣ್ಣಿಗೆ ಬಿದ್ದದ್ದನ್ನು ತಂದು, ಆಸ್ಪತ್ರೆಯ ಬಾಗಿಲಲ್ಲಿ ಪಟ್ಟಿಗಳೊಡನೆ ಒದ್ದಾಡುವುದು ಯಾರಿಗೂ ಹಿತವಲ್ಲ. ಹಿರಿಯರ ಅಂಜಿಕೆಯನ್ನು ಹಳಿಯುವುದೂ ಬೇಡ. ಸೀಟು ಕೂಸಿನ ಒಡವೆಯಲ್ಲ, ಕಾರಿನ ಭಾಗ ಎಂದು ತಿಳಿಯಿರಿ. ಕಾರಿಗೆ ಚಕ್ರ ಹಾಕಿಸಿದಂತೆ ಇದನ್ನೂ ಹಾಕಿಸಿಡಿ. ಅದೂ ಮನಸ್ಸಿಗೆ ಒಗ್ಗದಿದ್ದರೆ ಈಗಲೇ ಆರಿಸಿ ಕೊಂಡು, ಸ್ನೇಹಿತರ ಮನೆಯಲ್ಲಿ ಇಡಿಸಿ. ಒಟ್ಟಿನಲ್ಲಿ ಎಂಟನೆಯ ತಿಂಗಳೊಳಗೆ ಸೀಟು ಗೊತ್ತಾಗಿರಬೇಕು. ಕಟ್ಟುವುದನ್ನು ಒಂದೆರಡು ಸಲ ಮಾಡಿ ನೋಡಿರಬೇಕು.

ಎರಡನೆಯದು, ಮಗುವಿನ ಅಳತೆ. ಬಟ್ಟೆಯನ್ನು ‘ಬೆಳೆಯುವ ಮಗು’ ಎಂದು ಒಂದು ಬೆರಳು ದೊಡ್ಡದಾಗಿ ಹೊಲಿಸುವವರು ನಾವು. ಸೀಟಿನಲ್ಲಿ ಈ ಮಿತವ್ಯಯ ಸಲ್ಲದು. ಇಂದಿನ ಮಗುವಿಗೆ ಇಂದಿನ ಸೀಟು. ಹುಟ್ಟಿದ ಕೂಸಿಗೆ ಹಿಡಿಕೆಯುಳ್ಳ ಬುಟ್ಟಿಯಂಥ ಸೀಟು ಒಂದು ಬಗೆ; ಮಲಗಿದ ಮಗುವನ್ನು ಎಬ್ಬಿಸದೆ ಒಯ್ಯಲು ಅನುಕೂಲ, ಆದರೆ ಒಂದು ವರ್ಷದ ಸುಮಾರಿಗೆ ಚಿಕ್ಕದಾಗುತ್ತದೆ. ಮೊದಲು ಹಿಮ್ಮುಖವಾಗಿ, ಅನಂತರ ಮುಮ್ಮುಖವಾಗಿ ತಿರುಗಿಸಿ ಕಟ್ಟಬಲ್ಲದ್ದು ಇನ್ನೊಂದು ಬಗೆ. ಇದು ಕೆಲವು ವರ್ಷ ಬರುತ್ತದೆ, ಆದರೆ ಭಾರ ಹೆಚ್ಚು, ಮತ್ತು ತೀರ ಸಣ್ಣ ಕೂಸಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಕಾರಿನ ಬೆಲ್ಟು ಕತ್ತಿಗೆ ಬರದೆ ಹೆಗಲಿಗೆ ಬರುವಂತೆ ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟು. ಹಳೆಯ ಯುರೋಪಿನ ಕ್ರಮದಲ್ಲಿ ಇವನ್ನು ತೂಕದ ಮೇಲೆ ವಿಂಗಡಿಸುತ್ತಿದ್ದರು. 2013ರಲ್ಲಿ ಬಂದ ವಿಶ್ವಸಂಸ್ಥೆಯ 129ನೆಯ ನಿಯಮದಲ್ಲಿ ಮಗುವಿನ ಎತ್ತರವೇ ಮುಖ್ಯ. ಆ ನಿಯಮದ ಸೀಟಿನಲ್ಲಿ ಮಗು 15 ತಿಂಗಳು ಆಗುವವರೆಗಾದರೂ ಹಿಮ್ಮುಖವಾಗಿಯೇ ಕೂರಬೇಕು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹಾಗೆ ಕೂರಿಸುವ ರೂಢಿ ಉಂಟು. ‘ಕಾಲು ತಾಗುತ್ತದೆ, ಪಾಪ, ತಿರುಗಿಸಿಬಿಡಿ’ ಎಂದು ಅವಸರಪಡಬೇಡಿ. ಮಕ್ಕಳು ಕಾಲನ್ನು ಮಡಿಚಿಯೋ ಅಗಲಿಸಿಯೋ ಸುಖವಾಗಿಯೇ ಕೂರುತ್ತವೆ. ನಾವು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲವೇ?

ಮೂರನೆಯದು, ಕಾರಿಗೆ ಹೊಂದಿಕೆ. ಅತಿ ಬೆಲೆಯ ಸೀಟು ಅತಿ ಕ್ಷೇಮವಾದ ಸೀಟಲ್ಲ. ನಿಮ್ಮ ಕಾರಿನಲ್ಲಿ ಗಟ್ಟಿಯಾಗಿ ಕೂರುವುದೇ ಕ್ಷೇಮವಾದ ಸೀಟು. ಅಂಗಡಿಯ ಹೊರಗೆ ನಿಲ್ಲಿಸಿದ ನಿಮ್ಮ ಕಾರಿನಲ್ಲಿ ಕಟ್ಟಿ ತೋರಿಸಲು ಕೇಳಿ. ಒಳ್ಳೆಯ ಅಂಗಡಿಯವರು ತೋರಿಸುತ್ತಾರೆ. ಕಟ್ಟಿದ ಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ, ಅಂದರೆ ಒಂದು ಇಂಚಿಗಿಂತ ಹೆಚ್ಚು ಆಡಬಾರದು. ಹೊಸ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುತ್ತವೆ. ಮಗುವಿನ ಸೀಟಿನ ಕೈಗಳು ಅದಕ್ಕೆ ಟಕ್ಕೆಂದು ಕಚ್ಚಿಕೊಳ್ಳುತ್ತವೆ. ಇದು ಕಟ್ಟುವವರ ತಪ್ಪನ್ನು ಕಡಮೆಮಾಡುವ ಉಪಾಯ. ಬೆಲ್ಟಿನಿಂದ ಸರಿಯಾಗಿ ಕಟ್ಟಿದ ಸೀಟೂ ಕಾಪಾಡುತ್ತದೆ. ಆದರೆ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಡಬೇಕು: ಏರ್‌ಬ್ಯಾಗ್ ಕೆಲಸ ಮಾಡುವ ಮುಂದಿನ ಸೀಟಿನಲ್ಲಿ ಹಿಮ್ಮುಖದ ಸೀಟನ್ನು ಎಂದಿಗೂ ಕಟ್ಟಕೂಡದು. ದೊಡ್ಡವರನ್ನು ಉಳಿಸುವ ಆ ಗಾಳಿಚೀಲ ಸಿಡಿದು ಬಂದು ಹೊಡೆಯುವುದು ನೇರವಾಗಿ ಕೂಸಿನ ತಲೆಯ ಹಿಂಬದಿಗೆ.

ನಾಲ್ಕನೆಯದು, ದೇಶದ ನಿಯಮ ಮತ್ತು ಮುದ್ರೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ, ಅಂದರೆ ದುಬಾಯಿ, ಅಬುಧಾಬಿ, ಶಾರ್ಜಾಗಳಲ್ಲಿ, 2017ರ ಜುಲೈ 1ರಿಂದ ಬಂದ ನಿಯಮದಂತೆ ನಾಲ್ಕು ವರ್ಷದವರೆಗಿನ ಮಗುವಿಗೆ ಸೀಟು ಕಡ್ಡಾಯ. ತಪ್ಪಿದರೆ 400 ದಿರ್ಹಮ್ ದಂಡವೂ ಚಾಲಕನ ಲೆಕ್ಕಕ್ಕೆ 4 ಕಪ್ಪು ಅಂಕಗಳೂ ಬೀಳುತ್ತವೆ. ಹತ್ತು ವರ್ಷ ತುಂಬದ, 145 ಸೆಂಟಿಮೀಟರ್ ಬೆಳೆಯದ ಮಕ್ಕಳು ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ. ಇಂಗ್ಲೆಂಡಿನಲ್ಲಿ 12 ವರ್ಷ ತುಂಬುವ ತನಕ ಇಲ್ಲವೆ 135 ಸೆಂಟಿಮೀಟರ್ ಬೆಳೆಯುವ ತನಕ ಸೀಟು ಬೇಕು. ಜರ್ಮನಿಯಲ್ಲಿ 12 ವರ್ಷ ಇಲ್ಲವೆ 150 ಸೆಂಟಿಮೀಟರ್. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ. ಇಂಥ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ, ಕೊಳ್ಳುವ ದಿನ ಅಲ್ಲಿಯ ಸರ್ಕಾರದ ಪ್ರಕಟಣೆಯನ್ನೇ ನೋಡುವುದು ಮೇಲು. ಸೀಟಿನ ಬೆನ್ನಿಗೆ ಅಂಟಿಸಿದ ಮುದ್ರೆಯನ್ನೂ ಓದಿ. ಯುರೋಪಿನ ಪರೀಕ್ಷೆಯಲ್ಲಿ ಗೆದ್ದ ಸೀಟಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರವೂ ಒಂದು ಅಂಕಿಯೂ ಇರುತ್ತವೆ. ಅಮೆರಿಕದ ಸೀಟಿನ ಮೇಲೆ ಅಲ್ಲಿಯ ಒಕ್ಕೂಟ ಸರ್ಕಾರದ ಸುರಕ್ಷತಾ ಮಾನದಂಡವನ್ನು ಪಾಲಿಸಿದೆ ಎಂಬ ಬರಹ ಇರುತ್ತದೆ. ಒಂದರ ಸೀಟು ಇನ್ನೊಂದರಲ್ಲಿ ಸಲ್ಲುವುದಿಲ್ಲ. ನ್ಯೂಜೆರ್ಸಿಯ ಅಣ್ಣನ ಮಗುವಿಗೆ ಚಿಕ್ಕದಾದ ಸೀಟನ್ನು ಲಂಡನ್ನಿನ ತಮ್ಮನಿಗೆ ಕಳಿಸುವ ಉದಾರತೆ ಈ ಕಾರಣಕ್ಕೆ ಕೆಲಸಕ್ಕೆ ಬಾರದು. ಮುದ್ರೆಯೇ ಇಲ್ಲದ, ಚೆಂದದ ಬಟ್ಟೆ ಹೊದಿಸಿದ ಅಗ್ಗದ ಸೀಟು ಕುರ್ಚಿಯೇ ಹೊರತು ರಕ್ಷೆಯಲ್ಲ.

ಐದನೆಯದು, ಕೈಬದಲಿನ ಸೀಟು. ಪರದೇಶದಲ್ಲಿ ಒಂದೇ ಕಟ್ಟಡದಲ್ಲಿ ಹತ್ತು ಕನ್ನಡ ಕುಟುಂಬಗಳಿದ್ದರೆ ತೊಟ್ಟಿಲು, ಗಾಡಿ, ಆಟದ ಸಾಮಾನು ಮನೆಯಿಂದ ಮನೆಗೆ ಹರಿಯುತ್ತವೆ. ಅದು ಒಳ್ಳೆಯ ಸಂಪ್ರದಾಯ. ತೊಟ್ಟಿಲು ಹಳೆಯದಾದಷ್ಟೂ ನಮಗೆ ಪೂಜ್ಯ; ಅಜ್ಜ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗುತ್ತಾನೆ. ಸೀಟಿನ ಲೆಕ್ಕ ಬೇರೆ. ಒಮ್ಮೆ ಅಪಘಾತವನ್ನು ಕಂಡ ಸೀಟು, ಹೊರಗೆ ಒಂದು ಗೀರೂ ಇಲ್ಲದಿದ್ದರೂ, ಒಳಗೆ ಬಿರುಕು ಬಿಟ್ಟಿರಬಹುದು. ಪ್ಲಾಸ್ಟಿಕ್ಕು ಬಿಸಿಲಿನಲ್ಲಿ ವರ್ಷಗಟ್ಟಲೆ ಬೆಂದರೆ ಪೆಡಸಾಗುತ್ತದೆ. ಕೊಲ್ಲಿಯ ಬಿಸಿಲು ಎಂಥದೆಂದು ಹೇಳಬೇಕೆ? ಆದ್ದರಿಂದಲೇ ಹಲವು ತಯಾರಕರು ಸೀಟಿನ ಆಯುಷ್ಯವನ್ನು ಅದರ ಮೇಲೆಯೇ ಅಚ್ಚುಹಾಕುತ್ತಾರೆ. ಸೀಟಿನ ಚರಿತ್ರೆ ಪೂರ್ತಿ ಗೊತ್ತಿರುವ ಒಡಹುಟ್ಟಿದವರಿಂದಲೋ ಆಪ್ತರಿಂದಲೋ, ಆಯುಷ್ಯ ಮುಗಿಯದ, ಪುಸ್ತಿಕೆ ಸಹಿತವಾದ ಸೀಟು ಸಿಕ್ಕಿದರೆ ಧಾರಾಳವಾಗಿ ತೆಗೆದುಕೊಳ್ಳಿ. ಚರಿತ್ರೆ ಗೊತ್ತಿಲ್ಲದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ಕೊಂಡ ಮೇಲೆ ಕೂರಿಸುವ ವಿಧಾನ. ಕೂಸಿನ ಹೆಗಲ ಪಟ್ಟಿಗಳು, ಹಿಮ್ಮುಖದ ಸೀಟಿನಲ್ಲಿ, ಹೆಗಲಿನ ಮಟ್ಟದಿಂದಲೋ ಸ್ವಲ್ಪ ಕೆಳಗಿನಿಂದಲೋ ಹೊರಡಬೇಕು. ಮುಮ್ಮುಖದಲ್ಲಿ ಹೆಗಲ ಮಟ್ಟದಿಂದಲೋ ಸ್ವಲ್ಪ ಮೇಲಿನಿಂದಲೋ. ಪಟ್ಟಿಯನ್ನು ಎಳೆದು ಬಿಗಿದ ಮೇಲೆ ಹೆಗಲಿನ ಬಳಿ ಎರಡು ಬೆರಳಿನಿಂದ ಚಿವುಟಿದರೆ ಮಡಿಕೆ ಸಿಗಬಾರದು. ಚಳಿದೇಶದಲ್ಲಿ ಮಗುವಿಗೆ ದಪ್ಪ ಕೋಟು ತೊಡಿಸಿ ಪಟ್ಟಿ ಬಿಗಿದರೆ ಬಿಗಿದಂತೆ ಕಾಣುತ್ತದೆ. ಬಡಿತದಲ್ಲಿ ಕೋಟು ಕುಸಿದು ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಮೊದಲು, ಹೊದಿಕೆ ಆಮೇಲೆ. ನಮ್ಮ ಬಾಣಂತನದ ಪದ್ಧತಿಯಂತೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೂರಿಸುವುದಕ್ಕೂ ಇದೇ ಮಾತು: ಕಾಲುಗಳ ನಡುವೆ ಪಟ್ಟಿ ಹೋಗಬೇಕಾದ್ದರಿಂದ ಸುತ್ತಿದ ಬಟ್ಟೆ ಬಿಚ್ಚಿರಬೇಕು. ತಲೆ ಆಡದಿರಲೆಂದು ಅಕ್ಕಪಕ್ಕಕ್ಕೆ ತುರುಕುವ ದಿಂಬು, ಪಟ್ಟಿಯ ಕೆಳಗಿನ ಹಾಸು, ಸೀಟಿನೊಡನೆ ಬಂದವಲ್ಲದಿದ್ದರೆ ಬೇಡ. ಸೀಟು ತೀರ ನೇರವಾಗಿದ್ದರೆ ಎಳೆಗೂಸಿನ ಗಲ್ಲ ಎದೆಗೆ ಬಾಗಿ ಉಸಿರಿಗೆ ಅಡ್ಡಿಯಾಗುತ್ತದೆ. ಪುಸ್ತಿಕೆ ಹೇಳಿದಷ್ಟು ಒರಗಿಸಿರಬೇಕು. ಇದೇ ಕಾರಣದಿಂದ, ದೂರ ಪ್ರಯಾಣದಲ್ಲಿ ಎರಡು ಗಂಟೆಯೊಳಗೆ ಒಮ್ಮೆ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಬೇಕು, ಹಸುಗೂಸಾದರೆ ಇನ್ನೂ ಬೇಗ. ಮನೆಗೆ ಬಂದ ಮೇಲೆ ಬುಟ್ಟಿಸೀಟಿನಲ್ಲಿಯೇ ಮಲಗಲು ಬಿಡದೆ ಹಾಸಿಗೆಗೆ ಸೇರಿಸಬೇಕು. ಬಿಸಿಲಲ್ಲಿ ನಿಂತಿದ್ದ ಕಾರಾದರೆ ಬಕಲ್ಲಿನ ಲೋಹವನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ‘ಮಲಗಿದೆ, ಎರಡೇ ನಿಮಿಷ’ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವುದಂತೂ ಯಾವ ದೇಶದಲ್ಲಿಯೂ, ಯಾವ ಕಾಲದಲ್ಲಿಯೂ ಕೂಡದು.

ಇಷ್ಟೆಲ್ಲ ಮಾಡಿದರೂ ಮಗು ಅಳುತ್ತದೆ. ಅಳಲಿ ಎನ್ನುವುದು ಸುಲಭ. ಪಕ್ಕದಲ್ಲಿ ಕುಳಿತ ಅಜ್ಜಿಗೆ ಅದನ್ನು ಕೇಳುವುದು ಸುಲಭವಲ್ಲ. ನಮ್ಮ ಸೀಮೆಯಲ್ಲಿ ಅಳುವ ಮಗುವಿಗೆ ಒಂದೇ ಔಷಧ, ಎತ್ತಿಕೊಳ್ಳುವುದು. ಈ ಕ್ಷಣದಲ್ಲಿಯೇ ಕಾರ್ ಸೀಟಿನ ನಿಜವಾದ ಪರೀಕ್ಷೆ. ಆಗ ಪಟ್ಟಿ ಬಿಚ್ಚಬಾರದು, ಕಾರನ್ನು ನಿಲ್ಲಿಸಬೇಕು. ನಿಲ್ಲಿಸಿ ಹಾಲು ಕೊಟ್ಟು, ಬಟ್ಟೆ ಬದಲಿಸಿ, ಹೆಗಲ ಮೇಲೆ ಹಾಕಿ ತಟ್ಟಿ, ಮತ್ತೆ ಕೂರಿಸಿ ಹೊರಡಬೇಕು. ಹತ್ತು ನಿಮಿಷ ತಡವಾದರೆ ಆಕಾಶ ಬೀಳುವುದಿಲ್ಲ. ಮೊದಲ ದಿನದಿಂದ ಸೀಟಿನಲ್ಲಿಯೇ ಕುಳಿತ ಮಗುವಿಗೆ ಕಾರೆಂದರೆ ಸೀಟೇ. ವಾರದಲ್ಲಿ ನಾಲ್ಕು ದಿನ ಸೀಟು, ಮೂರು ದಿನ ಮಡಿಲು ಎಂದಾದರೆ ಅದು ಏಳೂ ದಿನ ಅಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಸೊಸೆಯಂದಿರಿಗೆ, ಮಗಳಂದಿರಿಗೆ ಒಂದು ಮಾತು. ಅಜ್ಜಿಯ ಕೈಯಿಂದ ಮಗುವನ್ನು ಕಿತ್ತುಕೊಂಡು ಸೀಟಿಗೆ ಹಾಕಬೇಡಿ. ಅಜ್ಜಿಯಿಂದಲೇ ಹಾಕಿಸಿ. ಪಟ್ಟಿ ಬಿಗಿಯುವುದನ್ನು ಅವರಿಗೆ ಕಲಿಸಿ. ನಮ್ಮ ನೆರೆಯ ಒಬ್ಬ ತಾಯಿ ಶಾರ್ಜಾದಲ್ಲಿ ಆರು ತಿಂಗಳು ಇದ್ದು ಬಂದವರು. ಈಗ ಅವರ ಮುಂದೆ ಯಾರಾದರೂ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದರೆ ಅವರೇ ಜಗಳಕ್ಕೆ ನಿಲ್ಲುತ್ತಾರೆ. ಅವರನ್ನು ಒಪ್ಪಿಸಿದ್ದು ನಿಯಮವಲ್ಲ, ದಂಡವಲ್ಲ. “ಅತ್ತೆ, ಇದರ ಬಕಲ್ಲು ನಿಮ್ಮಷ್ಟು ಗಟ್ಟಿಯಾಗಿ ಹಾಕಲು ನನಗೆ ಬರುವುದಿಲ್ಲ” ಎಂದು ಸೊಸೆ ಆ ಕೆಲಸವನ್ನು ಅವರ ಕೈಗೇ ಒಪ್ಪಿಸಿದಳು. ಮಗುವನ್ನು ಕಾಪಾಡುವ ಅಧಿಕಾರ ತಮ್ಮ ಕೈಯಲ್ಲಿಯೇ ಉಳಿಯಿತೆಂದು ತಿಳಿದಾಗ ಹಿರಿಯರು ಎಂಥ ಹೊಸತನ್ನೂ ಕಲಿಯುತ್ತಾರೆ.

ಕೊನೆಯದಾಗಿ, ಊರಿಗೆ ಬರುವ ಮಾತು. ಅಲ್ಲಿ ಎರಡು ವರ್ಷ ಸೀಟಿನಲ್ಲಿಯೇ ಬೆಳೆದ ಮಗು ರಜೆಗೆಂದು ಬಜಪೆಯಲ್ಲಿ ಇಳಿಯುತ್ತದೆ. ಮನೆಮಂದಿಯೆಲ್ಲ ಎರಡು ಕಾರು ಮಾಡಿಕೊಂಡು ಎದುರುಗೊಳ್ಳಲು ಹೋಗಿರುತ್ತಾರೆ. ಅಜ್ಜಿ ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರೆ ಅಲ್ಲಿಗೆ ಎಲ್ಲ ಶಿಕ್ಷಣವೂ ಮುಗಿಯಿತು! ಅಬುಧಾಬಿಯ ನೇರವಾದ ರಸ್ತೆಯಲ್ಲಿ ಬೇಕಾದ ಸೀಟು, ಬಜಪೆಯ ಗುಡ್ಡದ ತಿರುವಿನಲ್ಲಿ ಬೇಡವಾಯಿತೆ? ನಮ್ಮ ದೇಶದಲ್ಲಿಯೂ ಕಾಯಿದೆ ಇಲ್ಲದೆ ಇಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ದ್ವಿಚಕ್ರ ವಾಹನದಲ್ಲಿ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವನ್ನು ಕರೆದೊಯ್ಯುವಾಗ ಚಾಲಕನಿಗೆ ಬಿಗಿಯುವ ಪಟ್ಟಿಯೂ ಹೆಲ್ಮೆಟ್ಟೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನೂ 2022ರಲ್ಲಿ ಪ್ರಕಟಿಸಲಾಯಿತು. ಇಂಗ್ಲೆಂಡಿನಲ್ಲಿ ಟ್ಯಾಕ್ಸಿಯೊಳಗೆ ತಕ್ಕ ಸೀಟಿಲ್ಲದಿದ್ದರೆ ಕಾಯಿದೆ ವಿನಾಯಿತಿ ಕೊಡುತ್ತದೆ; ಆದರೆ ಮೊದಲು ಹೇಳಿದ ಒಂದೂವರೆ ಮೂಟೆ ಅಕ್ಕಿಯ ಲೆಕ್ಕ ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಆದ್ದರಿಂದ ಬರುವವರು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಸೀಟನ್ನು ಹೇಗೆ ತರಬಹುದೆಂದು ಟಿಕೆಟ್ ಕೊಳ್ಳುವಾಗಲೇ ವಿಮಾನದವರನ್ನು ಕೇಳಿ. ಸಾಮಾನಿನೊಡನೆ ಹಾಕುವುದಾದರೆ ಪೆಟ್ಟುಬೀಳದಂತೆ ಕಟ್ಟಿಸಿ. ಊರಿನ ಕಾರಿನಲ್ಲಿ ಕೊಂಡಿ ಇರಲಾರದು; ಆಗ ಬೆಲ್ಟಿನಿಂದ ಕಟ್ಟಬಹುದಾದ ಸೀಟೇ ಅನುಕೂಲ. ವರ್ಷಕ್ಕೊಮ್ಮೆ ಊರಿಗೆ ಬರುವವರು ಕೊಳ್ಳುವಾಗಲೇ ಇದನ್ನು ನೆನೆಯಬೇಕು. ಇಲ್ಲಿರುವ ಅಜ್ಜನಿಗೂ ಒಂದು ಕೆಲಸವಿದೆ. ನಮ್ಮ ಅನೇಕ ಟ್ಯಾಕ್ಸಿಗಳಲ್ಲಿ ಹಿಂದಿನ ಸೀಟಿನ ಬೆಲ್ಟುಗಳು ಚೆಂದದ ಕವರಿನ ಅಡಿಯಲ್ಲಿ ಹೂತುಹೋಗಿರುತ್ತವೆ. ಹಿಂದಿನ ದಿನವೇ ಟ್ಯಾಕ್ಸಿಯವನಿಗೆ ಹೇಳಿ ಅವನ್ನು ಹೊರಗೆ ತೆಗೆಸಿಡಬೇಕು. ಮೊಮ್ಮಗುವಿಗೆ ಅಜ್ಜ ಕೊಡುವ ಮೊದಲ ಉಡುಗೊರೆ ಅದಾಗಲಿ. ಬೆಳ್ಳಿಯ ಉಡಿದಾರ ಆಮೇಲೆ ಬರಲಿ.

ಮಡಿಲಿನ ಬೆಲೆ ಇದರಿಂದ ಕಡಮೆಯಾಗುವುದಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಕಾರು ಕೇಳುವುದು ಒಂದೋ ಎರಡೋ ಗಂಟೆ. ಉಳಿದ ಹೊತ್ತೆಲ್ಲ ಮಡಿಲಿನದೇ. ಆ ಉಳಿದ ಹೊತ್ತಿಗೆ ಮಗು ಕ್ಷೇಮವಾಗಿ ಹಿಂದಿರುಗಿ ಬರಲೆಂದೇ ಈ ಸೀಟು. ತಮ್ಮ ಮನೆಯಿಂದ ಯಾರಾದರೂ ಬಾಣಂತನಕ್ಕೆಂದು ಪರದೇಶಕ್ಕೆ ಹೊರಡುವವರಿದ್ದರೆ, ಲೇಹ್ಯದ ಡಬ್ಬಿ ಕಟ್ಟುವಾಗ ಈ ನಾಲ್ಕು ಮಾತನ್ನೂ ಗಂಟಿನಲ್ಲಿ ಕಟ್ಟಿಕೊಡಿ.